ಹಸಿರು ಬಿಲ್ಲೆ, ಕೆಂಪು ಬಿಲ್ಲೆ: ಮಂಗಳೂರಿನಲ್ಲಿ ಬ್ರೆಜಿಲ್ ಬಾರ್ಬೆಕ್ಯೂ

ನಾನು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವ. ಒಂದೆರಡಲ್ಲ, ಇಪ್ಪತ್ತೆರಡು ವರ್ಷ. ಈಗ ಕುಲಶೇಖರದ ಮನೆಯಲ್ಲಿ ಕುಳಿತು, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ ಅಂತ ಹೆಂಡತಿ ಹೇಳುತ್ತಾಳೆ. ಮಂಗಳೂರಿನಲ್ಲೂ ಬ್ರೆಜಿಲ್ ಬಾರ್ಬೆಕ್ಯೂ ಸಿಗುತ್ತದೆ ಪಪ್ಪಾ ಅಂತ ಮಗಳು ಹೇಳಿದ್ದೇ ತಡ, ಆ ಭಾನುವಾರವೇ ಹೊರಟೆವು. ನಾನು, ಹೆಂಡತಿ, ಮಗಳು, ಅಳಿಯ. ಹೋಟೆಲಿನ ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ. ಅಲ್ಲಿ ಬೆಂಕಿಯ ಮುಂದೆ ನಿಂತ ಹುಡುಗರ ಕಷ್ಟ ನನಗೆ ಗೊತ್ತು.

ಮೊದಲು ಸಾಂತೋಸ್ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಯಾವ ಅಳತೆಗೋಲು ಹಿಡಿದು ಅಳೆಯುತ್ತಿದ್ದೇನೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಸಾಂತೋಸ್ ಅಂದರೆ ಸಾವೊ ಪಾವ್ಲೊ ನಗರದ ಬಂದರು. ಬ್ರೆಜಿಲಿನ ಕಾಫಿ ಹೆಚ್ಚಾಗಿ ಹೊರಗೆ ಹೋಗುವುದು ಅಲ್ಲಿಂದಲೇ. ಪೆಲೆ 1956ರಿಂದ 1974ರ ತನಕ ಆಡಿದ್ದು ಅದೇ ಊರಿನ ಕ್ಲಬ್ಬಿಗೆ. ಬೀಚಿನ ಉದ್ದಕ್ಕೂ ಐದು ಕಿಲೋಮೀಟರಿಗೂ ಜಾಸ್ತಿ ಹೂತೋಟ. ನಮ್ಮ ಹಡಗು ಸಕ್ಕರೆ ತುಂಬಿಸಿಕೊಳ್ಳಲು ಕಾದು ನಿಂತಿತ್ತು. ಒಂದು ಸಂಜೆ ರಜೆ ಸಿಕ್ಕಿತು, ನಾಲ್ಕು ಜನ ಊಟಕ್ಕೆ ಹೋದೆವು. ಬೋರ್ಡಿನಲ್ಲಿದ್ದದ್ದನ್ನು ನಾನು ‘ರೊಡಿಜಿಯೊ’ ಅಂತ ಓದಿದೆ. ಬಾಗಿಲಲ್ಲಿದ್ದ ಮುದುಕ ನಕ್ಕು ತಿದ್ದಿದ: ‘ಹೊಡೀಜಿಯು’. ಅವರ ಬಾಯಲ್ಲಿ ಶಬ್ದದ ಮೊದಲು ಬರುವ ರ ಅನ್ನುವುದು ಹ ಆಗುತ್ತದೆ. ನನಗೆ ಅಷ್ಟು ಸಾಕಿತ್ತು. ಹೊಡಿ ಅಂದರೆ ಹೊಡಿಯುವುದೇ ಅಲ್ವಾ!

ರೊಡಿಜಿಯೊ ಅಂದರೆ ಸುತ್ತು ಸುತ್ತಾಗಿ ಬಡಿಸುವ ಊಟ, ಮೆನು ನೋಡಿ ಆರ್ಡರ್ ಮಾಡುವ ಕೆಲಸ ಅಲ್ಲಿ ಇಲ್ಲ. ತಲೆಗೆ ಇಷ್ಟು ಅಂತ ದರ. ಮೇಜಿನ ಮೇಲೆ ಒಂದು ಬಿಲ್ಲೆ, ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು. ಹಸಿರು ಮೇಲಿದ್ದರೆ ಉದ್ದ ಸರಳಿನಲ್ಲಿ ಮಾಂಸ ಹಿಡಿದವರು ಬರುತ್ತಲೇ ಇರುತ್ತಾರೆ. ಕೆಂಪು ಮಾಡಿದರೆ ಮಾತ್ರ ನಿಲ್ಲುತ್ತಾರೆ. ನಮ್ಮ ಮದುವೆ ಊಟದಲ್ಲಿ ಬಡಿಸುವವ ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತೇವಲ್ಲ, ಬಿಲ್ಲೆ ಮಾಡುವುದು ಅದೇ ಕೆಲಸ. ಒಂದೇ ವ್ಯತ್ಯಾಸ, ನಮ್ಮವರು ಬೆರಳಿನ ಸಂದಿಯಲ್ಲೂ ಬಡಿಸಿಬಿಡುತ್ತಾರೆ.

ಅಲ್ಲಿ ದೊಡ್ಡ ತುಂಡು ಅಂದರೆ ಪಿಕಾನ್ಯಾ. ದನದ ಸೊಂಟದ ಹಿಂದಿನ ಮಾಂಸ. ಮೇಲೆ ಒಂದು ಬೆರಳು ದಪ್ಪದ ಕೊಬ್ಬಿನ ಪದರ. ಅದನ್ನು ಬಿಲ್ಲಿನ ಹಾಗೆ ಬಗ್ಗಿಸಿ ಸರಳಿಗೆ ಚುಚ್ಚುತ್ತಾರೆ. ಮಸಾಲೆ ಏನೂ ಇಲ್ಲ, ಕಲ್ಲುಪ್ಪು ಮಾತ್ರ. ಮೇಲಿನ ಪದರ ಬೆಂದ ಕೂಡಲೇ ಮೇಜಿಗೆ ತರುತ್ತಾರೆ. ಸರಳಿನ ತುದಿಯನ್ನು ಸಣ್ಣ ತಟ್ಟೆಯಲ್ಲಿ ಊರಿ, ಮೇಲಿನಿಂದ ಕೆಳಗೆ ಕತ್ತಿ ಎಳೆಯುತ್ತಾರೆ. ಮಾಂಸ ಎಲೆಯ ಹಾಗೆ ಬಾಗಿ ಬೀಳುವಾಗ ನೀವು ಚಿಮಟದಲ್ಲಿ ಹಿಡಿದುಕೊಳ್ಳಬೇಕು. ಒಳಗಿನ ಕೆಂಪು ಮಾಂಸ ಮತ್ತೆ ಉಪ್ಪು ಹಾಕಿಸಿಕೊಂಡು ಬೆಂಕಿಗೆ ಹೋಗುತ್ತದೆ. ಹಾಗಾಗಿ ಪ್ರತಿ ಸಲ ತಟ್ಟೆಗೆ ಬೀಳುವುದು ಗರಿಗರಿಯಾದ ಹೊರ ಪದರ. ಈ ಊಟದ ಗುಟ್ಟೆಲ್ಲ ಇಲ್ಲೇ ಇರುವುದು. ಬೆಂಕಿ ಸರಿ ಇರಬೇಕು, ಕತ್ತಿ ಹರಿತ ಇರಬೇಕು.

ನಮ್ಮ ಊರಲ್ಲಿ ಪಿಕಾನ್ಯಾ ಸಿಗುವ ಮಾತಿಲ್ಲ, ಅದಕ್ಕೆ ಹೋಟೆಲಿನವರನ್ನು ದೂರುವುದೂ ಇಲ್ಲ. ತಮಾಷೆ ಏನೆಂದರೆ, ಬ್ರೆಜಿಲಿನಲ್ಲಿ ಎಲ್ಲಿ ನೋಡಿದರೂ ಕಾಣುವ ಆ ಬಿಳಿ ದನಗಳ ತಳಿಯ ಹೆಸರು ನೆಲೋರೆ. ನಮ್ಮ ಆಂಧ್ರದ ನೆಲ್ಲೂರು! ಇಲ್ಲಿಂದ ಹಡಗು ಹತ್ತಿ ಹೋದ ಹಿಣಿಲು ದನಗಳ ಸಂತಾನ ಅದು. ಆ ಹಿಣಿಲನ್ನೂ ಅವರು ಬಿಡುವುದಿಲ್ಲ, ಗಂಟೆಗಟ್ಟಲೆ ಬೇಯಿಸಿ ‘ಕುಪಿಂ’ ಅಂತ ಬಡಿಸುತ್ತಾರೆ.

ಇನ್ನು ನಮ್ಮ ಹೋಟೆಲು. ಒಳಗೆ ಹೋದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಒಲೆ ನೋಡಿದ್ದು. ಗಾಜಿನ ಆಚೆ ಉದ್ದ ಒಲೆ, ಸರಳುಗಳು ಸಾಲಾಗಿ ತಿರುಗುತ್ತಿದ್ದವು. ಗ್ಯಾಸ್ ಇರಬಹುದು ಅಂತ ಅಂದುಕೊಂಡಿದ್ದೆ. ಅಲ್ಲ, ತೆಂಗಿನ ಗೆರಟೆ ಇದ್ದಿಲು! ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ಕೆಂಡ ಬೇರೆ ಇಲ್ಲ. ಹೊಗೆ ಕಡಿಮೆ, ಕಾವು ಜೋರು. ಇದಕ್ಕೇ ಅರ್ಧ ಅಂಕ ಕೊಟ್ಟೆ.

ಮೊದಲು ಬಂದದ್ದು ಪಾಂವ್ ಜಿ ಕೇಜು. ಮರಗೆಣಸಿನ ಹಿಟ್ಟು, ಚೀಸ್ ಕಲಸಿ ಮಾಡುವ ಉಂಡೆ. ಹೆಸರಲ್ಲಿರುವ ಪಾಂವ್ ನಮ್ಮ ಕೊಂಕಣಿಯ ಪಾಂವೇ, ಎರಡೂ ಪೋರ್ಚುಗೀಸರದ್ದು. ಬಿಸಿ ಇತ್ತು, ಮುರಿದರೆ ಒಳಗೆ ಎಳೆ ಎಳೆ. “ಗೋಳಿಬಜೆ ಬೇಕರಿಗೆ ಸೇರಿದ ಹಾಗಿದೆ” ಅಂದಳು ಹೆಂಡತಿ. ನಾಲ್ಕು ತಿಂದಳು. ಇಲ್ಲೇ ಹೊಟ್ಟೆ ತುಂಬಿಸಬೇಡ ಅಂತ ಹೇಳಿದೆ, ಕೇಳಲಿಲ್ಲ.

ಆಮೇಲೆ ಸರಳುಗಳು. ಕೋಳಿ ತೊಡೆ ಕೆಂಪು ಮಸಾಲೆಯಲ್ಲಿ ಮುಳುಗಿ ಬಂತು. ತಂದೂರಿ ಅಂತ ಹೇಳಿ ಕೊಟ್ಟಿದ್ದರೆ ಒಪ್ಪುತ್ತಿದ್ದೆ. ಅಂಜಲ್ ಮೀನನ್ನೂ ಸರಳಿಗೆ ಚುಚ್ಚಿದ್ದರು, ಪಾಪ, ಮೇಜಿಗೆ ಬರುವಷ್ಟರಲ್ಲಿ ಅರ್ಧ ದಾರಿಯಲ್ಲೇ ಬಿದ್ದಿತ್ತು. ಅಂಜಲನ್ನು ತವಾದಲ್ಲಿ ಬಿಡಿ ಮಾರಾಯ್ರೆ. ಸಿಗಡಿ ಪರವಾಗಿಲ್ಲ. ಕುರಿ ಮಾಂಸ ರಬ್ಬರ್.

ಆದರೆ ಕೋಳಿ ಹೃದಯ! ಬ್ರೆಜಿಲಿನಲ್ಲಿ ಇದಿಲ್ಲದೆ ಬಾರ್ಬೆಕ್ಯೂ ಪೂರ್ತಿ ಆಗುವುದಿಲ್ಲ. ನಮ್ಮಲ್ಲಿ ಕಲಿಜದ ಜೊತೆ ಸುಕ್ಕಕ್ಕೆ ಹೋಗುವ ಆ ಸಣ್ಣ ಹೃದಯಗಳನ್ನು ಹತ್ತು ಹನ್ನೆರಡು ಒಟ್ಟಿಗೆ ಪೋಣಿಸಿ, ಬರೀ ಉಪ್ಪು, ಬೆಳ್ಳುಳ್ಳಿ ಹಾಕಿ ಸುಟ್ಟಿದ್ದರು. ಹೊರಗೆ ಕರಿ, ಒಳಗೆ ಮೆತ್ತಗೆ, ಕಚ್ಚಿದರೆ ರಸ. ಅಳಿಯ ಮುಖ ಸೊಟ್ಟ ಮಾಡಿದ. ಒಳ್ಳೆಯದೇ ಆಯಿತು, ಅವನ ಪಾಲೂ ನನಗೆ.

ಆಮೇಲೆ ಹಂದಿ. ಪಿಕಾನ್ಯಾ ಕತ್ತರಿಸುವ ಜಾಗದ್ದೇ ಹಂದಿ ಮಾಂಸ, ಕೊಬ್ಬಿನ ಸಮೇತ ಬಿಲ್ಲಿನ ಹಾಗೆ ಬಗ್ಗಿಸಿದ್ದರು. ಬ್ರೆಜಿಲಿನಲ್ಲೂ ಹೀಗೆ ಮಾಡುವುದುಂಟು. ಮೇಲೆ ಕಲ್ಲುಪ್ಪಿನ ಹರಳು ಕಾಣುತ್ತಿತ್ತು. ಕೊಬ್ಬು ಕೆಂಡಕ್ಕೆ ಬಿದ್ದು ಚುರ್ ಅನ್ನುವುದು ನಾವು ಕೂತಲ್ಲಿಗೇ ಕೇಳುತ್ತಿತ್ತು. ಬಾಫಾತ್ ತಿಂದು ಬೆಳೆದ ಮನುಷ್ಯ ನಾನು, ಮಸಾಲೆ ಇಲ್ಲದ ಹಂದಿ ಮಾಂಸ ಅಂದರೆ ಅನುಮಾನ. ಆದರೂ ಆ ವಾಸನೆಗೆ ಬಿಲ್ಲೆಯನ್ನು ಎರಡು ಸಲ ತಟ್ಟಿ ಹಸಿರು ಇದೆ ಅಂತ ತೋರಿಸಿದೆ.

ಬಡಿಸುವ ಹುಡುಗ ಬಾಗಲಕೋಟೆ ಕಡೆಯವ. ಸರಳು ಊರಿದ, ಕತ್ತಿ ಇಟ್ಟ. ಕತ್ತಿ ಇಳಿಯಲಿಲ್ಲ. ಗರಗಸದ ಹಾಗೆ ಹಿಂದೆ ಮುಂದೆ ಎಳೆದ. ಗರಿಗರಿ ಪದರ ಒಂದು ಕಡೆ ಹಾರಿತು, ಕೊಬ್ಬು ಇನ್ನೊಂದು ಕಡೆ ಜಾರಿತು, ನನ್ನ ಚಿಮಟಕ್ಕೆ ಸಿಕ್ಕಿದ್ದು ಬರೀ ಚಿಂದಿ.

“ಮಗಾ, ಈ ಕತ್ತಿ ಮಸೆದು ಎಷ್ಟು ದಿನ ಆಯ್ತು?”

“ಯಾರಿಗ್ ಗೊತ್ರೀ ಸರ, ನಾ ಬಂದಾಗಿಂದ ಹಿಂಗೇ ಅದ” ಅಂದ. ಸಿಟ್ಟು ಬರಲಿಲ್ಲ, ನಗು ಬಂತು. “ಇನ್ನೊಂದ್ ಪೀಸ್ ಹಾಕ್ಲೇನ್ರಿ?” ಅಂತ ಕೇಳಿದ. ಹಾಕು ಅಂದೆ. ಚಿಂದಿಯಾದರೂ ರುಚಿ ಎಲ್ಲಿಗೆ ಹೋಗುತ್ತದೆ? ಉಪ್ಪು, ಕೊಬ್ಬು, ಗೆರಟೆಯ ಕಾವು, ಮೂರೂ ಸರಿಯಾಗಿ ಸೇರಿದ್ದವು. ನಾನು ಆರು ಸಲ ಹಾಕಿಸಿಕೊಂಡೆ. ಒಳ್ಳೆಯ ಕತ್ತಿ ಇದ್ದಿದ್ದರೆ ಹತ್ತು ಆಗುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ನಿಜವಾಗಿ ಬೇಸರ ಆಯಿತು. ಫರೋಫಾ ಅಂತ ಒಂದು ಬಟ್ಟಲು ಇಟ್ಟಿದ್ದರು. ಮರಗೆಣಸಿನ ಹುಡಿಯನ್ನು ಬೆಣ್ಣೆಯಲ್ಲಿ ಹುರಿದು ಮಾಡುವುದು ಅದು. ಮಾಂಸದ ರಸ ಹೀರಿಕೊಳ್ಳಲು ಮೇಲೆ ಉದುರಿಸಿಕೊಳ್ಳುತ್ತಾರೆ. ಇಲ್ಲಿ ರವೆ ಹುರಿದು ಇಟ್ಟಿದ್ದರು. ರಸ ತಾಗಿದ ಕೂಡಲೇ ಬಾಯಲ್ಲಿ ಸಜ್ಜಿಗೆ ಆಯಿತು. ಮರಗೆಣಸು ನಮ್ಮೂರಿಗೆ ಹೊಸತಾ? ಸೆಂಟ್ರಲ್ ಮಾರ್ಕೆಟಿಗೆ ಒಬ್ಬನನ್ನು ಕಳಿಸಿದರೆ ಗೋಣಿ ತುಂಬ ತರುತ್ತಾನೆ.

ಸಲಾಡ್ ಕಡೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅನ್ನ, ಕಪ್ಪು ಬೀನ್ಸ್, ಟೊಮೆಟೊ ಈರುಳ್ಳಿಗೆ ವಿನೆಗರ್ ಹಾಕಿದ್ದು ಇತ್ತು. ವಿನೆಗರಿನದ್ದು ಹಂದಿಯ ಜೊತೆ ಚೆನ್ನಾಗಿ ಹೋಗುತ್ತದೆ, ಮರೆಯದೆ ಹಾಕಿಸಿಕೊಳ್ಳಿ.

ಕೊನೆಗೆ ಅನಾನಸು. ಇಡೀ ಹಣ್ಣನ್ನು ಸಿಪ್ಪೆ ತೆಗೆದು, ಸಕ್ಕರೆ ಮತ್ತು ಚೆಕ್ಕೆ ಹುಡಿ ಸವರಿ, ಸರಳಿಗೆ ಚುಚ್ಚಿ ಸುಡುತ್ತಾರೆ. ಸಕ್ಕರೆ ಕರಗಿ ಕಂದು ಬಣ್ಣದ ಪದರ ಆಗಿತ್ತು. ಇದಕ್ಕೆ ಆ ಮೊಂಡು ಕತ್ತಿಯೂ ಸಾಕಾಯಿತು. ಅನಾನಸು, ಗೇರು, ಪೇರಳೆ, ಎಲ್ಲ ಆ ಕಡೆಯಿಂದ ಪೋರ್ಚುಗೀಸರು ತಂದ ಗಿಡಗಳು, ಆ ಲೆಕ್ಕದಲ್ಲಿ ನಾವು ಬ್ರೆಜಿಲ್ ತಿನ್ನಲು ಶುರು ಮಾಡಿ ನೂರಾರು ವರ್ಷ ಆಯಿತು ಅಂತ ನಾನು ಭಾಷಣ ಶುರು ಮಾಡಿದ್ದೆ. ಹೆಂಡತಿ ಹುಡುಗನನ್ನು ಕರೆದು ಸ್ವಲ್ಪ ಉಪ್ಪು, ಮೆಣಸಿನ ಹುಡಿ ತರಿಸಿ ಅನಾನಸಿನ ಮೇಲೆ ಉದುರಿಸಿಕೊಂಡಳು. ಮೆಣಸ್ಕಾಯಿ ನೆನಪಾಯಿತಂತೆ. ತಿಂದು ನೋಡಿದೆ. ಅವಳೇ ಸರಿ.

ತಲೆಗೆ 1,150 ರೂಪಾಯಿ. ನಾಲ್ಕು ಜನಕ್ಕೆ ತೆರಿಗೆ ಸೇರಿ 4,830, ಲಿಂಬೆ ಶರಬತ್ತು ಬೇರೆ. ಜಾಸ್ತಿಯೇ, ಆದರೆ ಹಂದಿ ತಿನ್ನುವವರಿಗೆ ಮೋಸ ಇಲ್ಲ. ಕೋಳಿ ಮಾತ್ರ ತಿನ್ನುವವರು ಅಷ್ಟು ದುಡ್ಡು ಕೊಡುವ ಅಗತ್ಯ ಇಲ್ಲ. ಭಾನುವಾರ ಇಗರ್ಜಿ ಬಿಟ್ಟ ಮೇಲೆ ಹೋದರೆ ಕಾಯಬೇಕು, ಶನಿವಾರ ಮಧ್ಯಾಹ್ನ ಹೋಗಿ. ಕೂತ ಕೂಡಲೇ ಬಿಲ್ಲೆ ಕೆಂಪು ಮಾಡಿ. ಹೃದಯ, ಹಂದಿ, ಅನಾನಸು ಕಂಡಾಗ ಮಾತ್ರ ಹಸಿರು ಮಾಡಿ. ಮಸಾಲೆ ಇಲ್ಲದ್ದೇ ಬೇಕು ಅಂತ ಮೊದಲೇ ಹೇಳಿದರೆ ಕೋಳಿಯನ್ನೂ ಹಾಗೆ ಸುಟ್ಟು ಕೊಡುತ್ತಾರಂತೆ, ಹೊರಡುವಾಗ ಮ್ಯಾನೇಜರ್ ಹೇಳಿದರು. ಕತ್ತಿಯ ವಿಷಯ ಅವರಿಗೆ ಹೇಳಿದೆ. “ನೋಡ್ತೇವೆ ಸರ್” ಅಂದರು. ಹಿಂದೆ ನಿಂತಿದ್ದ ಬಾಗಲಕೋಟೆ ಹುಡುಗ ಸಾಣೆಕಲ್ಲು ಎಲ್ಲಿ ಸಿಗುತ್ತದೆ ಅಂತ ನನ್ನನ್ನೇ ಕೇಳಿದ.