ಇಪ್ಪತ್ತು ಸ್ಲೈಡ್‌ಗಳ ಸಸ್ಯರಚನೆ ಪೆಟ್ಟಿಗೆ: ಒಂದು ವರ್ಷದ ಬಳಕೆಯ ನಂತರ

ಪ್ರೌಢಶಾಲೆಯ ಹತ್ತನೆಯ ತರಗತಿಗೆ ಸಸ್ಯಗಳಲ್ಲಿ ನೀರಿನ ಸಾಗಣೆ ಮತ್ತು ದ್ಯುತಿಸಂಶ್ಲೇಷಣೆಯ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಎಲೆಯ ಅಡ್ಡಸೀಳಿಕೆಯನ್ನು ಬರೆದು ಬರೆದು ಬೇಸತ್ತು, ಕಳೆದ ಜೂನ್‌ನಲ್ಲಿ ಬೆಂಗಳೂರಿನ ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಯೊಂದರಿಂದ ಇಪ್ಪತ್ತು ಶಾಶ್ವತ ಸ್ಲೈಡ್‌ಗಳಿರುವ (ಸಸ್ಯಭಾಗಗಳ ತೆಳು ಸೀಳಿಕೆಗೆ ಬಣ್ಣ ಹಾಕಿ ಕೆಡದಂತೆ ಕೂರಿಸಿದ ಗಾಜಿನ ಪಟ್ಟಿಗಳು) ಪೆಟ್ಟಿಗೆಯೊಂದನ್ನು ನಮ್ಮ ಶಾಲೆಗೆ ತರಿಸಿದೆ. ಬೆಲೆ 1,800 ರೂಪಾಯಿ. ಮರದ ಪೆಟ್ಟಿಗೆ, ಸ್ಲೈಡ್ ನಿಲ್ಲಿಸಲು ಸೀಳುಗಳು, ಜೊತೆಗೆ ಹದಿನಾರು ಪುಟಗಳ ಒಂದು ಕೈಪಿಡಿ. ಸೂಕ್ಷ್ಮದರ್ಶಕ ಇದರಲ್ಲಿ ಸೇರಿಲ್ಲ. ನಮ್ಮಲ್ಲಿರುವುದು 10 ಪಟ್ಟಿನ ಐಪೀಸ್ (ಕಣ್ಣಿಡುವ ಮಸೂರ) ಮತ್ತು 10, 40 ಪಟ್ಟಿನ ಆಬ್ಜೆಕ್ಟಿವ್‌ಗಳಿರುವ (ಸ್ಲೈಡ್ ಬದಿಯ ಮಸೂರಗಳು) ಸಾಧಾರಣ ಉಪಕರಣ. ಹೀಗಾಗಿ ಇಲ್ಲಿ ನಾನು ಹೇಳುವುದೆಲ್ಲ 100 ಮತ್ತು 400 ಪಟ್ಟು ವರ್ಧನೆಯಲ್ಲಿ ಕಂಡದ್ದು.

ಮೊದಲು ಸೂರ್ಯಕಾಂತಿ ಕಾಂಡದ ಸ್ಲೈಡ್. ಸೀಳಿಕೆ ತೆಳುವಾಗಿದೆ, ಸುಕ್ಕಿಲ್ಲ, ಬಣ್ಣ ಸೊಗಸಾಗಿ ಹಿಡಿದಿದೆ. ನಾಳಗಳ ಕಟ್ಟುಗಳು ಉಂಗುರದಂತೆ ಸುತ್ತಲೂ ಜೋಡಿಸಿಕೊಂಡಿರುವುದು ಹಿಂದಿನ ಬೆಂಚಿನ ಹುಡುಗನಿಗೂ ಒಂದೇ ನೋಟಕ್ಕೆ ತಿಳಿಯಿತು. ಇದರ ಪಕ್ಕದಲ್ಲೇ ಮೆಕ್ಕೆಜೋಳದ ಕಾಂಡದ ಸ್ಲೈಡ್ ಇಟ್ಟು, ಅಲ್ಲಿ ಅವೇ ಕಟ್ಟುಗಳು ಎರಚಿದಂತೆ ಚೆಲ್ಲಿಕೊಂಡಿರುವುದನ್ನು ತೋರಿಸಿದರೆ ದ್ವಿದಳ ಮತ್ತು ಏಕದಳ ಸಸ್ಯಗಳ ವ್ಯತ್ಯಾಸಕ್ಕೆ ಬೇರೆ ವಿವರಣೆಯೇ ಬೇಡ. ಆದರೆ ಕೈಪಿಡಿಯು ಸೂರ್ಯಕಾಂತಿ ಸ್ಲೈಡ್‌ನ ವಿವರಣೆಯಲ್ಲಿ ‘ಕೆಂಪಾಗಿ ಕಾಣುವ ಭಾಗವೇ ಕ್ಸೈಲಂ’ (ನೀರು ಸಾಗಿಸುವ ಅಂಗಾಂಶ) ಎಂದು ಬರೆದು ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಿಡಿಯುವುದು ಲಿಗ್ನಿನ್ ಎಂಬ ಮರಗಟ್ಟಿಸುವ ವಸ್ತು ಸೇರಿ ಗಟ್ಟಿಯಾದ ಕೋಶಭಿತ್ತಿಗಳಿಗೆ. ಸೂರ್ಯಕಾಂತಿಯಲ್ಲಿ ಆಹಾರ ಸಾಗಿಸುವ ಫ್ಲೋಯಂನ ಹೊರಬದಿಗೆ ಟೋಪಿ ಹಾಕಿದಂತೆ ನಾರುಕೋಶಗಳ ಗುಂಪೊಂದು ಇದೆ, ಅದೂ ಅಷ್ಟೇ ಕೆಂಪಾಗಿ ಕಾಣುತ್ತದೆ. ನಮ್ಮ ತರಗತಿಯ ಅರ್ಧದಷ್ಟು ಮಕ್ಕಳು ಆ ಟೋಪಿಗೇ ಕ್ಸೈಲಂ ಎಂದು ಗುರುತು ಹಾಕಿದ್ದರು. ತಪ್ಪು ಅವರದಲ್ಲ.

ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಜೋಳದ ಎಲೆಯ ಸ್ಲೈಡ್‌ನಲ್ಲಿ. ಬ್ಲೇಡಿನಿಂದ ಇಷ್ಟು ತೆಳುವಾಗಿ ಜೋಳದ ಗರಿಯನ್ನು ಕತ್ತರಿಸುವುದು ನನಗೆ ಹದಿನೈದು ವರ್ಷಗಳಲ್ಲಿ ಸಾಧ್ಯವಾಗಿಲ್ಲ. 400 ಪಟ್ಟಿನಲ್ಲಿ ನೋಡಿದರೆ ಪ್ರತಿಯೊಂದು ನಾಳದ ಸುತ್ತ ದೊಡ್ಡ ದೊಡ್ಡ ಕೋಶಗಳ ಒಂದು ಬಳೆ, ಆ ಬಳೆಯ ಸುತ್ತ ಇನ್ನೊಂದು ಸುತ್ತು ಸಣ್ಣ ಕೋಶಗಳು, ಅದರಾಚೆ ಸ್ವಲ್ಪವೇ ದೂರದಲ್ಲಿ ಮತ್ತೊಂದು ನಾಳ ಕಾಣುತ್ತವೆ. ಈ ಬಳೆಯಾಕಾರದ ಜೋಡಣೆಗೆ ಜರ್ಮನ್ ಭಾಷೆಯಲ್ಲಿ ಹೂವಿನ ವಲಯ ಎಂಬ ಅರ್ಥ ಕೊಡುವ ಕ್ರಾಂಜ್ ಎಂಬ ಹೆಸರಿದೆ. ಹೊರಸುತ್ತಿನ ಕೋಶಗಳು ಇಂಗಾಲದ ಡೈಆಕ್ಸೈಡನ್ನು ಮೊದಲು ಹಿಡಿದು ನಾಲ್ಕು ಇಂಗಾಲಗಳ ಆಮ್ಲವಾಗಿಸಿ ಒಳಬಳೆಗೆ ದಾಟಿಸುತ್ತವೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತೆ ಬಿಡುಗಡೆಯಾಗಿ ದಟ್ಟವಾಗಿ ಸಂಗ್ರಹವಾಗುವುದರಿಂದ ಸಕ್ಕರೆ ತಯಾರಿಕೆ ಪೋಲಿಲ್ಲದೆ ನಡೆಯುತ್ತದೆ. 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಕಬ್ಬಿನ ಎಲೆಯಲ್ಲಿ ಈ ಹಾದಿಯನ್ನು ವಿವರಿಸಿದರು. ಜೋಳ, ಮೆಕ್ಕೆಜೋಳ, ಕಬ್ಬು ಮಾತ್ರವಲ್ಲದೆ ನಮ್ಮ ರಾಗಿಯೂ ಇದೇ ಗುಂಪಿನದು, ಭತ್ತ ಅಲ್ಲ. ಪತ್ರರಂಧ್ರಗಳನ್ನು (ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳು) ಅಷ್ಟಾಗಿ ತೆರೆಯದೆಯೇ ಬೇಕಾದಷ್ಟು ಇಂಗಾಲವನ್ನು ದಕ್ಕಿಸಿಕೊಳ್ಳುವುದರಿಂದ ಈ ಬೆಳೆಗಳು ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯಬಲ್ಲವು. ಈ ಮಾತು ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲದಿರುವುದು, ಪಕ್ಕದಲ್ಲಿಟ್ಟು ಹೋಲಿಸಲು ಭತ್ತದ ಎಲೆಯ ಸ್ಲೈಡೂ ಇಲ್ಲದಿರುವುದು, ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗಿದೆ.

ಅದೇ ಸ್ಲೈಡ್‌ನ ಮೇಲ್ಪದರದಲ್ಲಿ ಬೀಸಣಿಗೆಯಂತೆ ಹರಡಿಕೊಂಡ, ಬಣ್ಣವಿಲ್ಲದ, ಉಬ್ಬಿದ ನಾಲ್ಕೈದು ಕೋಶಗಳ ಗುಂಪುಗಳಿವೆ. ಕೈಪಿಡಿ ಇವನ್ನು ‘ದೊಡ್ಡ ಕೋಶಗಳು’ ಎಂದಷ್ಟೇ ಹೆಸರಿಸಿ ಮುಂದೆ ಸಾಗುತ್ತದೆ. ಮಳೆ ಕೈಕೊಟ್ಟ ದಿನಗಳ ಮಧ್ಯಾಹ್ನ ಜೋಳದ ಗರಿ ಸುರುಳಿ ಸುತ್ತಿಕೊಳ್ಳುವುದನ್ನು ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೊಲದಲ್ಲಿ ನೋಡಿದ್ದಾರೆ. ಈ ಕೋಶಗಳು ನೀರು ಕಳೆದುಕೊಂಡು ಕುಗ್ಗಿದಾಗಲೇ ಗರಿ ಮಡಚಿಕೊಳ್ಳುವುದು ಎಂದು ಹೇಳಿದ ಮೇಲೆ ಒಬ್ಬ ಹುಡುಗಿ ಮತ್ತೊಮ್ಮೆ ಐಪೀಸಿಗೆ ಕಣ್ಣಿಟ್ಟು ಬಹಳ ಹೊತ್ತು ಏಳಲಿಲ್ಲ.

ಕಣಗಿಲೆ ಎಲೆಯ ಸ್ಲೈಡ್ ಕೂಡ ಹಣ ಕೊಟ್ಟದ್ದಕ್ಕೆ ಮೋಸವಿಲ್ಲ. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಹೊಗೆ, ಧೂಳು, ಬಿಸಿಲು ಎಲ್ಲವನ್ನೂ ತಾಳಿಕೊಂಡು ಹೂ ಬಿಡುವ ಈ ಗಿಡದ ಎಲೆಯ ಮೇಲ್ಪದರ ಒಂದಕ್ಕಿಂತ ಹೆಚ್ಚು ಸಾಲು ಕೋಶಗಳಿಂದಾಗಿದೆ. ಕೆಳಬದಿಯ ಪತ್ರರಂಧ್ರಗಳು ಬಯಲಿನಲ್ಲಿರದೆ, ರೋಮಗಳು ತುಂಬಿದ ಗುಳಿಗಳೊಳಗೆ ಅಡಗಿ ಕುಳಿತಿವೆ. ಗುಳಿಯೊಳಗಿನ ಗಾಳಿ ತೇವವಾಗಿಯೇ ಉಳಿಯುವುದರಿಂದ ಬಾಷ್ಪವಿಸರ್ಜನೆ, ಅಂದರೆ ಎಲೆಯಿಂದ ನೀರು ಆವಿಯಾಗಿ ಹೋಗುವುದು, ಕಡಿಮೆಯಾಗುತ್ತದೆ ಎಂಬುದನ್ನು ಮಕ್ಕಳು ಚಿತ್ರ ನೋಡಿಯೇ ಊಹಿಸಿದರು. ಕಣಗಿಲೆಯ ರಸ ವಿಷಕಾರಿಯಾದ್ದರಿಂದ ಮಕ್ಕಳ ಕೈಯಲ್ಲಿ ಹಸಿ ಎಲೆ ಕತ್ತರಿಸುವುದು ತರವಲ್ಲ. ಸಿದ್ಧ ಸ್ಲೈಡೇ ಮೇಲು.

ಇನ್ನು ಕಳಪೆಯಾದವು. ‘ಪತ್ರರಂಧ್ರ’ ಎಂದು ಚೀಟಿ ಅಂಟಿಸಿದ ಸ್ಲೈಡ್‌ನಲ್ಲಿ ನಡುಮಧ್ಯದಲ್ಲೇ ಗಾಳಿಗುಳ್ಳೆ ಇದೆ, ಬಣ್ಣ ಮಾಸಿದೆ, ರಂಧ್ರವನ್ನು ತೆರೆದು ಮುಚ್ಚುವ ಕಾವಲು ಕೋಶಗಳು ಅಲ್ಲೊಂದು ಇಲ್ಲೊಂದು ಕಂಡರೆ ಹೆಚ್ಚು. ಇದನ್ನು ನಾನು ತೆಗೆದಿಟ್ಟು, ತಳಬದಿ ನೇರಳೆ ಬಣ್ಣವಿರುವ ರಿಯೋ ಗಿಡದ ಎಲೆಯ ಸಿಪ್ಪೆ ಸುಲಿದು ನೀರಿನ ಹನಿಯಲ್ಲಿಟ್ಟು ತೋರಿಸಿದೆ. ನೇರಳೆ ಕೋಶಗಳ ಹಾಸಿನ ನಡುನಡುವೆ ಹಸಿರು ಕಾವಲು ಕೋಶಗಳ ಜೋಡಿಗಳು ಎದ್ದು ಕಾಣುತ್ತವೆ. ಕವರ್ ಸ್ಲಿಪ್‌ನ ಒಂದು ಅಂಚಿನಲ್ಲಿ ಗಟ್ಟಿ ಉಪ್ಪುನೀರಿನ ಹನಿ ಹಾಕಿ, ಎದುರು ಅಂಚಿನಿಂದ ಒತ್ತುಕಾಗದದಲ್ಲಿ ನೀರನ್ನು ಹೀರಿದರೆ, ಕಣ್ಣೆದುರೇ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೇರಳೆ ಬಣ್ಣವೂ ಭಿತ್ತಿಯಿಂದ ಬಿಟ್ಟು ಕೋಶದ ನಡುವೆ ಮುದುಡುತ್ತದೆ. ಖರ್ಚೆಂದರೆ ಚಿಟಿಕೆ ಉಪ್ಪು. ಎಷ್ಟೇ ಚೆನ್ನಾಗಿದ್ದರೂ ಶಾಶ್ವತ ಸ್ಲೈಡ್ ಈ ಚಲನೆಯನ್ನು ತೋರಿಸಲಾರದು.

ಕೈಪಿಡಿಯ ದೊಡ್ಡ ಲೋಪ ನೀರು ಮೇಲೇರುವ ಬಗೆಯನ್ನು ಹೇಳುವಲ್ಲಿದೆ. ಸಣ್ಣ ನಳಿಕೆಗಳಲ್ಲಿ ದ್ರವ ತಾನಾಗಿ ಏರುವ ಲೋಮನಾಳತ್ವದಿಂದಲೇ ಮರದ ತುದಿಗೆ ನೀರು ತಲುಪುತ್ತದೆ ಎಂದು ಅದರಲ್ಲಿ ಬರೆದಿದೆ. ಲೆಕ್ಕ ಹಾಕಿ ನೋಡಿದರೆ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ವ್ಯಾಸವಿರುವ ನಾಳದಲ್ಲಿ ಈ ಬಲದಿಂದ ನೀರು ಏರಬಲ್ಲದ್ದು ಸುಮಾರು 30 ಸೆಂಟಿಮೀಟರ್ ಮಾತ್ರ. ಅಡಿಕೆ ಮರದ ಸುಳಿಯ ಮಾತಿರಲಿ, ಅದು ಎತ್ತರವಾಗಿ ಬೆಳೆದ ತುಂಬೆ ಗಿಡಕ್ಕೂ ಸಾಲದು. 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು ಮುಂದಿಟ್ಟ ವಿವರಣೆಯೇ ಇಂದಿಗೂ ಒಪ್ಪಿತವಾಗಿರುವುದು: ಎಲೆಯಿಂದ ನೀರು ಆವಿಯಾದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಎಳೆ ಬೇರಿನಿಂದಲೇ ಮೇಲಕ್ಕೆ ಜಗ್ಗಲ್ಪಡುತ್ತದೆ. ಬೆಳಗಿನ ಹೊತ್ತು ರಾಗಿ ಪೈರಿನ ಗರಿತುದಿಯಲ್ಲಿ ನಿಲ್ಲುವ ಹನಿಗಳಲ್ಲಿ ಎಷ್ಟೋ ಇಬ್ಬನಿಯಲ್ಲ, ಬೇರಿನ ಒತ್ತಡ ಹೊರದೂಡಿದ ನೀರು. ಆ ಒತ್ತಡವೂ ಎತ್ತರದ ಮರಗಳಿಗೆ ಸಾಲುವಂಥದ್ದಲ್ಲ.

ವಿಚಿತ್ರವೆಂದರೆ, ಈ ಜಗ್ಗಾಟಕ್ಕೆ ಸಾಕ್ಷಿ ಅದೇ ಪೆಟ್ಟಿಗೆಯಲ್ಲಿದೆ. ಹದಿನಾಲ್ಕನೆಯ ಸ್ಲೈಡ್ ಕಾಂಡದ ಉದ್ದಸೀಳಿಕೆ. ಅದರಲ್ಲಿ ಕ್ಸೈಲಂ ನಾಳಗಳ ಒಳಗೋಡೆಯ ಮೇಲೆ ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗಿನಂತೆ ಸುರುಳಿಯಾದ ಕೆಂಪು ಪಟ್ಟಿಗಳು ಕಾಣುತ್ತವೆ. ಎಳನೀರು ಹೀರುವ ಕಾಗದದ ಸ್ಟ್ರಾ ಜೋರಾಗಿ ಎಳೆದಾಗ ಚಪ್ಪಟೆಯಾಗುವುದನ್ನು ಎಲ್ಲರೂ ಬಲ್ಲರು. ಕ್ಸೈಲಂ ನಾಳ ಹಾಗಾಗದಂತೆ ತಡೆಯುವುದು ಈ ಲಿಗ್ನಿನ್ ಸುರುಳಿಗಳೇ. ನೀರು ಕೆಳಗಿನಿಂದ ದೂಡಲ್ಪಡದೆ ಮೇಲಿನಿಂದ ಎಳೆಯಲ್ಪಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಕೈಪಿಡಿ ಬರೆದವರು ತಮ್ಮದೇ ಸ್ಲೈಡನ್ನು ನೋಡಿರಲಿಕ್ಕಿಲ್ಲವೇನೋ ಎಂಬ ಅನುಮಾನ ಬರುವುದು ಇಲ್ಲಿಯೇ.

ನನ್ನ ಪಾಠದ ಕ್ರಮವೀಗ ಬದಲಾಗಿದೆ. ಮೊದಲು ಕರ್ಣಕುಂಡಲದ ಗಿಡವೊಂದನ್ನು ಬೇರುಸಹಿತ ಕಿತ್ತು ಕೆಂಪು ಇಂಕು ಬೆರೆಸಿದ ನೀರಿನಲ್ಲಿ ನಿಲ್ಲಿಸುತ್ತೇನೆ. ಅದರ ಕಾಂಡ ಗಾಜಿನಂತೆ ಅರೆಪಾರದರ್ಶಕವಾದ್ದರಿಂದ ಕೆಂಪು ಗೆರೆಗಳು ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಕಾಂಡವನ್ನು ಅಡ್ಡ ಕತ್ತರಿಸಿ ಕೆಂಪು ಚುಕ್ಕೆಗಳನ್ನು ಎಣಿಸಿದ ಮೇಲಷ್ಟೇ ಸೂರ್ಯಕಾಂತಿಯ ಸ್ಲೈಡ್ ಹೊರಬರುತ್ತದೆ. ಆಗ ಟೋಪಿಯನ್ನು ಕ್ಸೈಲಂ ಎನ್ನುವವರ ಸಂಖ್ಯೆ ಎರಡು ಮೂರಕ್ಕೆ ಇಳಿಯುತ್ತದೆ.

ಅಂಗಡಿಯ ಸೇವೆಯ ಬಗ್ಗೆ ಹೆಚ್ಚು ಹೇಳಲಾರೆ. ಎರಡು ಸ್ಲೈಡ್‌ಗಳು ಬಿರುಕು ಬಿಟ್ಟೇ ಬಂದಿದ್ದವು. ಮೂರನೆಯ ಬಾರಿ ಫೋನ್ ಮಾಡಿದ ಮೇಲೆ ಬದಲಿ ಕಳುಹಿಸಿದರು, ಅಂಚೆ ವೆಚ್ಚ ನಮ್ಮದೇ ಆಯಿತು.

ಹಳ್ಳಿಯ ಶಾಲೆಯೊಂದು ಇಡೀ ಪೆಟ್ಟಿಗೆಗೆ ಹಣ ಹೊಂದಿಸಲಾಗದಿದ್ದರೆ ಜೋಳದ ಎಲೆ, ಕಣಗಿಲೆ ಎಲೆ ಮತ್ತು ಕಾಂಡದ ಉದ್ದಸೀಳಿಕೆ ಈ ಮೂರನ್ನಷ್ಟೇ ಬಿಡಿಯಾಗಿ ಕೇಳಿ ಕೊಳ್ಳಬಹುದು; ಕೇಳಿದರೆ ಕೊಡುತ್ತಾರೆ. ಪೂರ್ತಿ ಪೆಟ್ಟಿಗೆ ಕೊಳ್ಳುವವರು ಹಣ ಕೊಡುವ ಮುನ್ನ ಪ್ರತಿ ಸ್ಲೈಡನ್ನೂ ಬೆಳಕಿಗೆ ಹಿಡಿದು ಗಾಳಿಗುಳ್ಳೆ ಇದೆಯೇ ಎಂದು ನೋಡಿಕೊಳ್ಳಬೇಕು. ಕೈಪಿಡಿಯನ್ನು ನಾನು ಪೆಟ್ಟಿಗೆಯಿಂದ ತೆಗೆದುಹಾಕಿಲ್ಲ. ಲೋಮನಾಳತ್ವದ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ‘30 ಸೆಂ.ಮೀ. ಮಾತ್ರ, ಸ್ಲೈಡ್ 14 ನೋಡಿ’ ಎಂದು ಬರೆದಿಟ್ಟಿದ್ದೇನೆ.