ಮರಿ ತರುವ ಮುನ್ನ ಅಪ್ಪ-ಅಮ್ಮನ ಡಿಎನ್‌ಎ ರಿಪೋರ್ಟ್ ಕೇಳಿ

ಗೋಲ್ಡನ್ ರಿಟ್ರೀವರ್ ಮರಿ ತರಬೇಕು ಅಂತಿರುವವರು ಇದನ್ನು ಓದಿ. ಮರಿಯ ಮೈಮೇಲೆ ಗುಳ್ಳೆ ಎದ್ದಾಗ ಬ್ರೀಡರ್ "ಅಲರ್ಜಿ ಅಷ್ಟೇ, ಬೇಕಾದ್ರೆ ಅದೇ ಜೋಡಿಯ ಮುಂದಿನ ಸೂಲಿನಲ್ಲಿ ಬೇರೆ ಮರಿ ಕೊಡ್ತೀನಿ" ಎಂದರೆ ದಯವಿಟ್ಟು ಒಪ್ಪಬೇಡಿ. ನಮಗೆ ಬಂದ ಉತ್ತರ ಅದೇ, ಆದರೆ ಆ ಗುಳ್ಳೆ ಅಪ್ಪ-ಅಮ್ಮ ಇಬ್ಬರಿಂದಲೂ ಬಂದ ವಂಶದ ಚರ್ಮದ ಕಾಯಿಲೆ ಆಗಿತ್ತು.

ಮರಿ ತಂದದ್ದು ಬೆಂಗಳೂರಿನ ಹೊರವಲಯದ ಒಂದು ಕೆನೆಲ್‌ನಿಂದ. ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಇತ್ತು, ಅಪ್ಪ-ಅಮ್ಮ ಎರಡನ್ನೂ ತೋರಿಸಿದ್ದರು, ಎರಡೂ ಮಿರಮಿರ ಮಿಂಚುತ್ತಿದ್ದವು. ಮರಿಗೆ ಎಂಟು ವಾರ ತುಂಬಿಲ್ಲ ಅಂತ ಆಮೇಲೆ ಗೊತ್ತಾಯಿತು. ಎಂಟು ವಾರದೊಳಗಿನ ಮರಿ ಮಾರಬಾರದು, ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಎಂದು 2017ರ ಕೇಂದ್ರದ ನಿಯಮವೇ ಹೇಳುತ್ತದೆ. ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಮೊದಲು ಕಿವಿಯ ಒಳಭಾಗ, ಆಮೇಲೆ ಒಸಡು, ಆಮೇಲೆ ಅಂಗಾಲು. ನೀರುಗುಳ್ಳೆ ಎದ್ದು ಒಡೆದು ಕೆಂಪಗೆ ಹಸಿಗಾಯ. ಒಣ ಆಹಾರ ಬಾಯಿಗೆ ಹಾಕಿಕೊಂಡರೆ ಕುಂಯ್ ಅಂತ ಉಗುಳುತ್ತಿತ್ತು. ಒಬ್ಬ ಡಾಕ್ಟರ್ ಕಜ್ಜಿ ಎಂದರು. ಇನ್ನೊಬ್ಬರು ಅಲರ್ಜಿ ಎಂದು ಸ್ಟೆರಾಯ್ಡ್ ಕೊಟ್ಟರು. ನೆಕ್ಕಬಾರದು ಅಂತ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಹಾಕಿದರೆ ಅದರ ಅಂಚು ತಾಗಿದಲ್ಲೆಲ್ಲ ಹೊಸ ಗುಳ್ಳೆ! ಡ್ರಿಪ್ ಹಾಕಿದ ಮೇಲೆ ಟೇಪ್ ಬಿಚ್ಚುವಾಗ ಚರ್ಮವೂ ಜೊತೆಗೇ ಕಿತ್ತು ಬಂತು. ಅದನ್ನು ನೋಡಿದ ಮೇಲೇ ಒಬ್ಬ ಯುವ ವೈದ್ಯೆ ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಮಾಡಿಸಿ ಎಂದದ್ದು.

ರಿಪೋರ್ಟಿನಲ್ಲಿ ಹುಳ ಇಲ್ಲ, ಅಲರ್ಜಿ ಇಲ್ಲ. ಮೇಲಿನ ಚರ್ಮ ಒಳಚರ್ಮದಿಂದ ಬಿಟ್ಟುಕೊಂಡಿದೆ ಅಷ್ಟೇ. ಎಪಿಡರ್ಮೊಲೈಸಿಸ್ ಬುಲ್ಲೋಸಾ. ಮನುಷ್ಯರ ಮಕ್ಕಳಲ್ಲೂ ಬರುವ ಕಾಯಿಲೆ ಇದು. ಎರಡು ಪದರಗಳನ್ನು ಹೊಲಿಗೆಯಂತೆ ಹಿಡಿದಿಡುವ ಎಳೆಗಳು ಕೊಲಾಜನ್ 7 ಎಂಬ ಪ್ರೋಟೀನಿನವು. ಅದನ್ನು ಮಾಡಿಸುವುದು ಸಿಒಎಲ್7ಎ1 ಜೀನ್. ಕೊಲಾಜನ್ ಸರಿಯಾಗಿ ಹೆಣೆದುಕೊಳ್ಳಬೇಕಾದರೆ ಅದರ ಸರಪಳಿಯ ಪ್ರತಿ ಮೂರನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲ ಇರಬೇಕು. ಗೋಲ್ಡನ್ ರಿಟ್ರೀವರ್‌ಗಳಲ್ಲಿ ಸಿಕ್ಕ ದೋಷದಲ್ಲಿ ಅಂಥ ಒಂದು ಗ್ಲೈಸಿನ್ ಜಾಗಕ್ಕೆ ಸೆರಿನ್ ಎಂಬ ಬೇರೆ ಅಮೈನೊ ಆಮ್ಲ ಬಂದು ಕೂತಿದೆ. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ನಮ್ಮ ಮರಿಯಲ್ಲಿ ಅದರ ಎರಡು ಪ್ರತಿ ಇದ್ದವು. ಒಂದು ಅಪ್ಪನದು, ಒಂದು ಅಮ್ಮನದು.

ಬ್ರೀಡರ್‌ಗೆ ಇದನ್ನು ಹೇಳಿದಾಗ ಅವರ ವಾದ ಏನು ಗೊತ್ತಾ? "ಅಪ್ಪ-ಅಮ್ಮನಿಗೆ ಏನೂ ಇಲ್ಲವಲ್ಲ ಸಾರ್, ಮತ್ತೆ ವಂಶದ ಕಾಯಿಲೆ ಹೇಗಾಗುತ್ತೆ?" ಕೇಳೋಕೆ ಸರಿ ಅನ್ನಿಸುತ್ತೆ, ಅಲ್ವಾ? ಮೋಸ ಇರುವುದೇ ಅಲ್ಲಿ. ದೋಷದ ಒಂದೇ ಪ್ರತಿ ಇರುವ ನಾಯಿಗೆ ಗುಳ್ಳೆ ಏಳುವುದಿಲ್ಲ, ಜೀವಮಾನವಿಡೀ ಆರೋಗ್ಯವಾಗಿಯೇ ಇರುತ್ತದೆ. ಅಂಥ ಎರಡನ್ನು ಕೂಡಿಸಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಚೆನ್ನಾಗಿ ಕಾಣುವ ಒಡಹುಟ್ಟಿದ ಮರಿಗಳಲ್ಲೂ ಒಂದೊಂದಕ್ಕೂ ವಾಹಕವಾಗಿರುವ (ಅಂದರೆ ದೋಷದ ಒಂದು ಪ್ರತಿ ಹೊತ್ತಿರುವ) ಸಾಧ್ಯತೆ ಮೂರರಲ್ಲಿ ಎರಡು. ನಮ್ಮ ಮರಿಯ ತಂಗಿಯನ್ನು ಅವರು ಮುಂದೆ ಮರಿ ಹಾಕಿಸಲು ಅಂತಲೇ ಉಳಿಸಿಕೊಂಡಿದ್ದಾರೆ. ಪರೀಕ್ಷೆ ಮಾಡಿಸಿ ಎಂದರೆ ಫೋನ್ ಕಟ್.

ಇನ್ನೊಂದು ವಿಷಯ. "ಚರ್ಮದ ಟೆಸ್ಟ್ ಆಗಿದೆ" ಅಂದರೆ ಯಾವ ಜೀನ್, ಯಾವ ತಳಿಯ ಬದಲಾವಣೆ ಅಂತ ಕೇಳಿ. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್‌ನಲ್ಲಿ 2005ರಲ್ಲಿ ಗುರುತಿಸಿದ್ದು ಚರ್ಮದ ಪದರಗಳನ್ನು ಹಿಡಿದಿಡುವ ಇನ್ನೊಂದು ಪ್ರೋಟೀನಾದ ಲ್ಯಾಮಿನಿನ್‌ಗೆ ಸಂಬಂಧಿಸಿದ ಎಲ್‌ಎಎಂಎ3 ಜೀನ್‌ನ ದೋಷ. ಸೆಂಟ್ರಲ್ ಏಷ್ಯನ್ ಶೆಫರ್ಡ್‌ನಲ್ಲಿ ಸಿಒಎಲ್7ಎ1 ಜೀನೇ, ಆದರೆ ದೋಷ ಬೇರೆ. ಒಂದು ತಳಿಯ ಟೆಸ್ಟ್‌ನಲ್ಲಿ ಪಾಸಾದ ಕಾಗದ ಇನ್ನೊಂದು ತಳಿಗೆ ಉಪಯೋಗಕ್ಕೆ ಬರುವುದಿಲ್ಲ. ಕೆಸಿಐ ಪೇಪರ್ ವಂಶಾವಳಿ ಹೇಳುತ್ತದೆ, ಜೀನ್ ಬಗ್ಗೆ ಅಲ್ಲ. ಅದೇ ಪೇಪರಿನಲ್ಲಿ ಅಪ್ಪನ ಕಡೆಯೂ ಅಮ್ಮನ ಕಡೆಯೂ ಒಂದೇ ಅಜ್ಜನ ಹೆಸರು ಕಂಡರೆ ಮರಿ ಕೊಳ್ಳದೆ ಎದ್ದು ಬನ್ನಿ, ಆ ಅಜ್ಜನ ದೋಷ ಎರಡೂ ಕಡೆಯಿಂದ ಮರಿಗೆ ಬರಬಹುದು. ನಮ್ಮದರಲ್ಲಿ ಹಾಗೇ ಇತ್ತು.

ಇದಕ್ಕೆ ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಈಗ ನಮ್ಮ ಮನೆಯಲ್ಲಿ ಮೆತ್ತಗೆ ಬೇಯಿಸಿದ ಅನ್ನ-ಕೋಳಿ, ಮಲಗಲು ದಪ್ಪ ಹಾಸಿಗೆ, ಕುತ್ತಿಗೆಗೆ ಬೆಲ್ಟ್ ಇಲ್ಲ, ಬ್ಯಾಂಡೇಜಿಗೆ ಅಂಟು ಟೇಪ್ ಇಲ್ಲ. ಗಾಯಕ್ಕೆ ಸೋಂಕು ತಗಲದಂತೆ ನೋಡಿಕೊಳ್ಳುವುದೇ ದಿನದ ಕೆಲಸ. ನಿಮ್ಮ ಮರಿಗೂ ಇಂಥ ಗುಳ್ಳೆ ಇದ್ದರೆ ಸುಮ್ನೆ ಮುಲಾಮು ಬದಲಿಸುತ್ತಾ ಕೂರಬೇಡಿ, ಬೇಗ ಬಯಾಪ್ಸಿ ಕೇಳಿ. ಅದೇ ಸೂಲಿನ ಮರಿ ಕೊಂಡ ಬೇರೆ ಮನೆಯವರ ನಂಬರ್ ಸಿಕ್ಕರೆ ಅವರಿಗೂ ತಿಳಿಸಿ, ಪರೀಕ್ಷೆ ಮಾಡಿಸುವವರೆಗೆ ಮರಿ ಹಾಕಿಸಬೇಡಿ ಅಂತ.