ಗಣೇಶಗುಡಿಯ ಕಪ್ಪೆಬಾಯಿ: ಗೈಡಿಗೆ ಕೊಟ್ಟ ದುಡ್ಡು ವಸೂಲಾಯ್ತಾ?

ಮೊದಲೇ ಹೇಳಿಬಿಡುತ್ತೇನೆ, ವಸೂಲಾಯ್ತು. ಆದರೆ ಬೆಳಿಗ್ಗೆ ಎಂಟೂವರೆಗೆ ಕೇಳಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆ.

ಫೆಬ್ರುವರಿ ಕೊನೆಯ ವಾರ ನಾನು ಮತ್ತು ಧಾರವಾಡದ ನನ್ನ ಸೋದರಮಾವ ಗಣೇಶಗುಡಿಗೆ ಹೋಗಿದ್ದೆವು. ದಾಂಡೇಲಿಯಿಂದ ಸುಮಾರು 25 ಕಿಲೋಮೀಟರ್, ಸೂಪಾ ಅಣೆಕಟ್ಟಿನ ಪಕ್ಕದ ಊರು. ಅಲ್ಲಿಗೆ ಜಾಸ್ತಿ ಜನ ಬರುವುದು ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲಿಕ್ಕೆ. ನಮಗೆ ಬೇಕಾಗಿದ್ದು ಕಪ್ಪೆಬಾಯಿ ಹಕ್ಕಿ. ಇಂಗ್ಲಿಷಿನಲ್ಲಿ ಶ್ರೀಲಂಕಾ ಫ್ರಾಗ್‌ಮೌತ್ ಅನ್ನುತ್ತಾರೆ, ಹೆಸರು ಕೇಳಿ ಲಂಕೆಗೆ ಹೋಗಬೇಕು ಅಂದುಕೊಳ್ಳಬೇಡಿ, ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಇವೆರಡು ಕಡೆ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ನತ್ತಿಂಗಗಳ, ಅಂದರೆ ಇಂಗ್ಲಿಷಿನ ನೈಟ್‌ಜಾರ್ ಹಕ್ಕಿಗಳ ದೂರದ ನೆಂಟ. ಒಂದು ಗೇಣು ಉದ್ದ, ಅಂದರೆ 23 ಸೆಂಟಿಮೀಟರ್. ಅದರಲ್ಲಿ ಅರ್ಧ ತಲೆಯೇ ಏನೋ ಅನ್ನಿಸುತ್ತದೆ, ಬಾಯಿ ಅಷ್ಟು ಅಗಲ. ಹಗಲೆಲ್ಲ ಕೊಂಬೆಯ ಮೇಲೆ ಕೂತು ನಿದ್ದೆ, ರಾತ್ರಿ ಹುಳು, ಪತಂಗ ಹಿಡಿಯುವ ಕೆಲಸ.

ನಮ್ಮ ಗೈಡ್ ಜೋಯಿಡಾ ಕಡೆಯ ಹುಡುಗ. ಇಳಿದುಕೊಂಡಿದ್ದ ಹೋಮ್‌ಸ್ಟೇಯವರೇ ಗೊತ್ತುಮಾಡಿ ಕೊಟ್ಟರು. ಅರ್ಧ ದಿನಕ್ಕೆ 1500 ರೂಪಾಯಿ, ಇಬ್ಬರಿಗೂ ಸೇರಿ. ಮಾವನಿಗೆ ಇದು ಜಾಸ್ತಿ ಅನ್ನಿಸಿತು. ನನಗೆ ಅನ್ನಿಸಲಿಲ್ಲ, ಯಾಕೆಂದರೆ ಹಿಂದೊಮ್ಮೆ ಬೇರೊಂದು ಕಾಡಿನಲ್ಲಿ (ಯಾವುದು ಅಂತ ಹೇಳುವುದಿಲ್ಲ) ಇದಕ್ಕಿಂತ ಜಾಸ್ತಿ ಕೊಟ್ಟು ಕೈ ಸುಟ್ಟುಕೊಂಡಿದ್ದೆ. ಅಲ್ಲಿನ ಗೈಡ್ ಕತ್ತಲಾದ ಮೇಲೆ ಬ್ಲೂಟೂತ್ ಸ್ಪೀಕರಿನಲ್ಲಿ ಕಪ್ಪೆಬಾಯಿಯ ಕೂಗು ಹಾಕಿದ. ಮುಕ್ಕಾಲು ಗಂಟೆ ಬಿಡದೆ ಅದೇ ಕೂಗು. ಮೇಲಿನ ಕೊಂಬೆಯಲ್ಲಿದ್ದ ಹಕ್ಕಿ ಇನ್ನೊಂದು ಗಂಡು ಬಂದಿದೆ ಅಂದುಕೊಂಡು ಮರದಿಂದ ಮರಕ್ಕೆ ಹಾರಾಡುತ್ತಲೇ ಇತ್ತು. ಅದರ ಕಣ್ಣಿಗೆ ನಾಲ್ಕು ಟಾರ್ಚ್ ಬೇರೆ. ಫೋಟೋ ಸಿಕ್ಕಿತು. ಇವತ್ತಿಗೂ ಅದನ್ನು ಯಾರಿಗೂ ತೋರಿಸಲು ಮನಸ್ಸು ಬರುವುದಿಲ್ಲ.

ಹಾಗಾಗಿ ಈ ಸಲ ಫೋನಿನಲ್ಲಿ ಮೊದಲು ಕೇಳಿದ್ದೇ ಸ್ಪೀಕರ್ ಹಾಕ್ತೀರಾ ಅಂತ. "ಹಗಲಿಗೆ ತೋರಿಸ್ತೇನೆ ಸರ್, ಮಲಗಿದ್ದನ್ನ. ಏಳಿಸೋದಿಲ್ಲ" ಅಂದ. ಅಲ್ಲೇ ಒಪ್ಪಿಕೊಂಡುಬಿಟ್ಟೆ.

ಬೆಳಿಗ್ಗೆ ಆರೂವರೆಗೆ ಹೊರಟೆವು. ಮೊದಲ ಎರಡು ಗಂಟೆ ಕಪ್ಪೆಬಾಯಿಯ ಮಾತೇ ಇಲ್ಲ. ರಸ್ತೆಬದಿಯಲ್ಲಿ ಭೀಮರಾಜ ಕಂಡಿತು, ಅತ್ತಿ ಮರದಲ್ಲಿ ಮಂಗಟ್ಟೆ ಜೋಡಿ ಸಿಕ್ಕಿತು, ಮಾವನಿಗೆ ಅಷ್ಟಕ್ಕೇ ದುಡ್ಡು ಬಂದ ಹಾಗಾಗಿತ್ತು. ನನಗೆ ಮಾತ್ರ ತಳಮಳ. ಎಂಟೂವರೆ ಹೊತ್ತಿಗೆ ಒಂದು ಸಣ್ಣ ಹಳ್ಳದ ಪಕ್ಕ ನಿಲ್ಲಿಸಿ, ಬೆತ್ತದ ಮುಳ್ಳು, ಬಳ್ಳಿ ಎಲ್ಲ ಹೆಣೆದುಕೊಂಡಿದ್ದ ಒಂದು ಪೊದೆಯ ಕಡೆ ಕೈ ತೋರಿಸಿ ಸುಮ್ಮನಾದ. ಪೊದೆ ನಮ್ಮಿಂದ ಹತ್ತು ಹೆಜ್ಜೆ ಇರಬಹುದು ಅಷ್ಟೇ. ಐದು ನಿಮಿಷ ನೋಡಿದೆ. ಎಲೆ, ಎಲೆ, ಒಣಗಿದ ಎಲೆ.

ಮಾವ ನನ್ನ ಕಿವಿಯಲ್ಲಿ ಹೇಳಿದ್ದು, ಆದರೆ ಗೈಡಿಗೂ ಕೇಳಿಸುವಷ್ಟು ಜೋರಾಗಿ: "ಅಲ್ಲೋ, ಒಣಾ ಎಲಿ ತೋರ್ಸಿ ರೊಕ್ಕಾ ತಗೋಳಾಕತ್ತಾನಲ್ಲೋ ಇಂವಾ!"

ಗೈಡ್ ನಕ್ಕ. ಸ್ಟ್ಯಾಂಡಿನ ಮೇಲೆ ದುರ್ಬೀನು ಹೊಂದಿಸಿ ಮಾವನನ್ನೇ ಮೊದಲು ಕರೆದ. "ಅಜ್ಜಾ, ಎಲೆಗೆ ಮೀಸೆ ಇರ್ತದಾ? ನೋಡಿ ಹೇಳಿ."

ಮಾವ ಬಗ್ಗಿ ನೋಡಿದವರು ಏಳಲೇ ಇಲ್ಲ.

ನನ್ನ ಸರದಿ ಬಂದಾಗ ಕಂಡಿದ್ದು ಇಷ್ಟು. ಒಂದಕ್ಕೊಂದು ಒತ್ತಿಕೊಂಡು ಕೂತ ಎರಡು ಹಕ್ಕಿ. ಎಡಗಡೆಯದು ಬೂದು ಬಣ್ಣ, ಮೈತುಂಬ ಬಿಳಿ ಕಪ್ಪು ಚುಕ್ಕೆ, ಅದು ಗಂಡು. ಬಲಗಡೆಯದು ಹೆಣ್ಣು, ಸಾಗುವಾನಿಯ ಒಣ ಎಲೆಯ ಕಂದು, ಚುಕ್ಕೆ ಕಡಿಮೆ. ಕೊಕ್ಕಿನ ಬುಡದಲ್ಲಿ ಕೂದಲಿನ ಹಾಗೆ ಸೆಟೆದು ನಿಂತ ಗರಿಗಳು, ಅದೇ ಮೀಸೆ. ಕಣ್ಣು ಮುಚ್ಚಿದ್ದವು ಅಂದುಕೊಂಡಿದ್ದೆ. ಹಾಗಲ್ಲ, ಹೆಣ್ಣಿನ ಕಣ್ಣು ಒಂದು ಗೆರೆಯಷ್ಟು ತೆರೆದಿತ್ತು. ಅಷ್ಟರಲ್ಲಿ ಹಿಂದೆ ಯಾರೋ ಒಣ ಕಡ್ಡಿ ತುಳಿದರು. ಗಂಡು ಹಾರಲಿಲ್ಲ. ಗಡಿಯಾರದ ಮುಳ್ಳಿನ ಹಾಗೆ, ನೋಡುತ್ತಿದ್ದರೂ ಗೊತ್ತಾಗದಷ್ಟು ನಿಧಾನವಾಗಿ ಕೊಕ್ಕನ್ನು ಆಕಾಶಕ್ಕೆ ಎತ್ತಿತು. ಹಾಗೇ ನಿಂತುಬಿಟ್ಟಿತು. ಈಗ ಅದು ಮುರಿದ ಕೊಂಬೆಯ ಮೋಟು, ಅಷ್ಟೇ. ದುರ್ಬೀನಿನಿಂದ ಕಣ್ಣು ತೆಗೆದು ಬರಿಗಣ್ಣಿನಲ್ಲಿ ನೋಡಿದರೆ ಮತ್ತೆ ಏನೂ ಇಲ್ಲ.

ಒಣ ಕಡ್ಡಿ ತುಳಿದದ್ದು ನಮ್ಮ ಹಿಂದೆ ಬಂದ ಇನ್ನೊಂದು ತಂಡ. ದೊಡ್ಡ ದೊಡ್ಡ ಲೆನ್ಸಿನವರು, ಆರು ಜನ. ಈ ಹಕ್ಕಿ ತಿಂಗಳುಗಟ್ಟಲೆ ಅದೇ ಕೊಂಬೆಯಲ್ಲಿ ಮಲಗುವುದುಂಟು, ಅದಕ್ಕೇ ಒಂದು ಸಲ ಜಾಗ ಗೊತ್ತಾದರೆ ಎಲ್ಲ ಗೈಡುಗಳೂ ಅಲ್ಲಿಗೇ ಕರೆದುಕೊಂಡು ಬರುತ್ತಾರೆ. ಅವರಲ್ಲೊಬ್ಬರು ಅಡ್ಡ ಬಂದಿದ್ದ ಬಳ್ಳಿ ಸರಿಸಲು ಹೋದರು. ನಮ್ಮ ಹುಡುಗ ಅಡ್ಡ ನಿಂತ. ಜಗಳ ಮಾಡಲಿಲ್ಲ, ದನಿ ಏರಿಸಲಿಲ್ಲ, "ಬೇಡ ಸರ್, ಬಿಸಿಲು ಬಿದ್ರೆ ನಾಳೆ ಇಲ್ಲಿ ಕೂರೋದಿಲ್ಲ" ಅಂದ. ನಮಗೂ ಹತ್ತು ನಿಮಿಷ ಆಯಿತು, ಹೊರಡೋಣ ಅಂದ. ಆಗ ನನಗೆ ಸ್ವಲ್ಪ ಸಿಟ್ಟೇ ಬಂತು, ದುಡ್ಡು ಕೊಟ್ಟಿದ್ದೇನಲ್ಲ ಅಂತ. ಆಮೇಲೆ ಯೋಚಿಸಿದರೆ ನಾನು ದುಡ್ಡು ಕೊಟ್ಟಿದ್ದು ಅವನ ಈ ಬುದ್ಧಿಗೇ ಅಲ್ವಾ.

ವಾಪಸ್ ಬರುವಾಗ ಅದರ ಸಂಸಾರದ ಕತೆ ಹೇಳಿದ. ಮೊಟ್ಟೆ ಒಂದೇ. ಗೂಡು ಅಂಗೈಯಷ್ಟೂ ಇರುವುದಿಲ್ಲ, ಕವಲಿನಲ್ಲಿ ಮೆತ್ತಗಿನ ನಾರು, ತುಪ್ಪಳ ಸೇರಿಸಿ ಹೊರಗೆ ಕಲ್ಲುಹೂವು ಮೆತ್ತಿರುತ್ತದೆ. ಹಗಲು ಕಾವಿಗೆ ಕೂರುವುದು ಗಂಡು. ಮರಿ ಹಾರಿ ಹೋದ ಮೇಲೆ ಗೂಡನ್ನು ಕಿತ್ತು ಹಾಕುವುದೂ ಅದೇ. ಮಾವ ಇದನ್ನು ಕೇಳಿ ಅತ್ತೆಗೆ ಹೇಳಬೇಡ ಅಂದರು.

ಮಧ್ಯಾಹ್ನ ಅಲ್ಲೇ ಇರುವ ಓಲ್ಡ್ ಮ್ಯಾಗಜಿನ್ ಹೌಸಿಗೆ ಹೋದೆವು, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ರೆಸಾರ್ಟು ಅದು. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ, ಹೆಸರು ಬಂದಿದ್ದು ಹಾಗೆ. ಹಕ್ಕಿಗಳಿಗೆ ನೀರಿನ ತೊಟ್ಟಿ ಇಟ್ಟಿದ್ದಾರೆ, ನೀವು ಸುಮ್ನೆ ಕೂತಿದ್ದರೆ ಸಾಕು, ಕೆಂಪು ಕೊರಳಿನ ಪಿಕಳಾರ, ಶಾಮಾ, ರಾಜಹಕ್ಕಿ ಎಲ್ಲ ಸ್ನಾನಕ್ಕೆ ಬರುತ್ತವೆ. ನಡೆಯಲಾಗದ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಇದಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ. ಕಪ್ಪೆಬಾಯಿಗೆ ಮಾತ್ರ ನಾವೇ ಹೋಗಬೇಕು.

ಕೇರಳದ ತಟ್ಟೇಕಾಡಿಗೆ ಹೋಗಬಹುದಲ್ಲ ಅಂತ ಕೇಳುವವರಿದ್ದಾರೆ. ಹೋಗಬಹುದು. ಸಲೀಂ ಅಲಿ ಹೆಸರಿನ ಆ ಪಕ್ಷಿಧಾಮ ಬರೀ 25 ಚದರ ಕಿಲೋಮೀಟರ್, ಕಪ್ಪೆಬಾಯಿ ನೋಡಲು ದೇಶದಲ್ಲೇ ಹೆಸರುವಾಸಿ. ಬೆಂಗಳೂರಿನವರಿಗೆ ಕೊಚ್ಚಿಗೆ ವಿಮಾನ ಹತ್ತಿದರೆ ಅದೇ ಸಲೀಸು ಇರಬಹುದು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರಿಗೆ ಗಣೇಶಗುಡಿ ಮನೆ ಹಿತ್ತಲು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಗೈಡಿಗಲ್ಲ, ಹೋಮ್‌ಸ್ಟೇಗೆ. ಮೀನಿನ ಸಾರು, ಮುರುಗಲ ಹಣ್ಣಿನ ಸಾರು ಎರಡೂ ಚೆನ್ನಾಗಿತ್ತು, ಆದರೆ ಆರು ಗಂಟೆಗೆ ಚಹಾ ಕೇಳಿದರೆ ಏಳೂವರೆಗೆ ಅಂದರು. ಹಕ್ಕಿ ನೋಡುವವರಿಗೆ ಏಳೂವರೆ ಅಂದರೆ ಮಧ್ಯಾಹ್ನ. ಫ್ಲಾಸ್ಕ್ ತಗೊಂಡು ಹೋಗಿ, ರಾತ್ರಿಯೇ ತುಂಬಿಸಿ ಇಟ್ಟುಕೊಳ್ಳಿ. ಬಟ್ಟೆ ಹಸಿರೋ ಮಣ್ಣಿನ ಬಣ್ಣವೋ ಇರಲಿ. ಮಳೆಗಾಲದಲ್ಲಿ ಹೋದರೆ ಇಂಬಳ ಗ್ಯಾರಂಟಿ, ಉದ್ದನೆ ಕಾಲುಚೀಲ ಬೇಕೇ ಬೇಕು. ಕೈಯಲ್ಲಿ ನಗದು ಇರಲಿ, ಹಳ್ಳದ ಹತ್ತಿರ ನಿಂತು ಫೋನ್‌ಪೇ ಮಾಡಲು ಹೋಗಿ ಮಾವ ನೆಟ್‌ವರ್ಕ್ ಹುಡುಕುತ್ತಾ ಅರ್ಧ ಕಿಲೋಮೀಟರ್ ನಡೆದರು.